ಮೇಣಕ್ಕೆ ಹೆಪ್ಪು

ಆ ಊರಲ್ಲಿ ಮೇಣ ತಾನಾಗಿ ಗಟ್ಟಿಯಾಗುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಕರಗಿದ ಮೇಣ ತಣ್ಣಗಾದರೆ ಸಾಕು, ಹೇಳಿದ ಹಾಗೆ ಕೇಳಿಕೊಂಡು ಗಟ್ಟಿಯಾಗಿ ಕೂರುತ್ತದೆ. ಅಲ್ಲಿ ಹಾಗಲ್ಲ. ಹಾಲಿಗೆ ಹೇಗೋ ಮೇಣಕ್ಕೂ ಹಾಗೇ ಹೆಪ್ಪು ಹಾಕಬೇಕಿತ್ತು. ಉರಿಯುತ್ತಿರುವ ಮೇಣದಬತ್ತಿ ಪೂರ್ತಿ ಮುಗಿಯುವ ಮೊದಲೇ ಒದ್ದೆ ಬೆರಳಿನಿಂದ ಚಿವುಟಿ ಆರಿಸಿ, ಉಳಿದ ಚೂರನ್ನು ಗಡಿಗೆಯಲ್ಲಿ ಮುಚ್ಚಿಡಬೇಕು. ಹೊಸ ಮೇಣ ಕರಗಿಸಿದಾಗ ಆ ಹಳೇ ಚೂರನ್ನು ಅದಕ್ಕೆ ಹಾಕಬೇಕು. ಮೇಣ ಕರಗಬೇಕು, ಹೆಪ್ಪು ಬೀಳಬೇಕು, ಆಮೇಲೆ ಬತ್ತಿ. ಹೆಪ್ಪು ಬೀಳದ ಮೇಣ ಅಚ್ಚಿನಲ್ಲಿ ಗಂಜಿಯ ಹಾಗೆ ಬಿದ್ದಿರುತ್ತಿತ್ತು, ಯುಗ ಕಳೆದರೂ ಅಷ್ಟೇ. ಯಾಕೆ ಹೀಗೆ ಅಂತ ಕೇಳಬೇಡಿ. ಊರು ಅಂದಮೇಲೆ ಅದಕ್ಕೂ ಒಂದು ಹಟ ಇರುತ್ತದೆ.

ಹೆಪ್ಪು ಯಾವ ಮನೆಯದೋ ಜ್ಯೋತಿಯೂ ಆ ಮನೆಯದೇ. ಗಾಣದ ಮನೆಯ ಜ್ಯೋತಿ ಒಗ್ಗರಣೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ಹಗ್ಗದ ಮನೆಯದು ಗಾಳಿ ಇದ್ದರೂ ಇಲ್ಲದಿದ್ದರೂ ಎಡಕ್ಕೇ ವಾಲುತ್ತಿತ್ತು. ಮೇಲಿನ ಕೇರಿಯ ಬಳೆಯ ಮನೆಯದು ಕುಣಿಯುತ್ತಿತ್ತು. ಬಾವಿಕಟ್ಟೆ ಎದುರಿನ ಮನೆಯ ಜ್ಯೋತಿ ಮಾತ್ರ ನಿಲ್ಲುತ್ತಿತ್ತು. ಬಾಗಿಲು ಬಡಿದುಕೊಳ್ಳುವಷ್ಟು ಗಾಳಿ ಬೀಸಿದರೂ ಅದು ಅಲುಗುತ್ತಿರಲಿಲ್ಲ. ಹಾಗಾಗಿ ಅದಕ್ಕೆ ನಿಂತ ಜ್ಯೋತಿಯ ಮನೆ ಅಂತಲೇ ಹೆಸರು.

ಒಂದು ಮನೆಯ ಹೆಪ್ಪು ಇನ್ನೊಂದು ಮನೆ ಸೇರಕೂಡದು. ಮಗಳನ್ನು ಮದುವೆ ಮಾಡಿಕೊಟ್ಟರೂ ಹೆಪ್ಪು ಕೊಡುವಂತಿಲ್ಲ, ಅವಳು ಹೋದ ಮನೆಯ ಜ್ಯೋತಿಯೇ ಅವಳಿಗೆ ಜ್ಯೋತಿ. ಅಮಾವಾಸ್ಯೆಯ ದಿನ ಪ್ರತಿ ಮನೆಯವರೂ ಹೊಸ ಬತ್ತಿ ಮಾಡಿ, ಸಂಜೆ ಹೊಸ್ತಿಲ ಮೇಲೆ ಹಚ್ಚಿಡಬೇಕು. ಬಾಗಿಲು ನೋಡುವವನು ಅಂತ ಒಬ್ಬನಿದ್ದ. ಅವನು ತನ್ನ ಲಾಂದ್ರದೊಳಗೆ ತನ್ನ ಮನೆಯ ಬತ್ತಿ ಹಚ್ಚಿಕೊಂಡು ಬೀದಿ ಬೀದಿ ತಿರುಗಿ, ಪ್ರತಿ ಹೊಸ್ತಿಲಲ್ಲೂ ನಿಂತು, ಆಯಾ ಮನೆಯ ಜ್ಯೋತಿ ಎಂಥದ್ದು ಅಂತ ಕೂಗಿ ಹೇಳಬೇಕು. ಬತ್ತಿ ಉರಿಯದ ಮನೆಯವರು, ಇಲ್ಲವೇ ಪರರ ಜ್ಯೋತಿ ಉರಿಸಿದವರು, ಬೆಳಗಾಗುವುದರೊಳಗೆ ಊರಗಡಿಯ ಕಲ್ಲು ದಾಟಿ ಹೋಗಬೇಕು. ಈಚೀಚೆಗೆ ಅವನು ಯಾಕೋ ಬೀದಿಗಳನ್ನು ಬೇಗ ಬೇಗ ಮುಗಿಸುತ್ತಿದ್ದ. ವಯಸ್ಸಾಯಿತು, ಮಂಡಿನೋವು ಇರಬೇಕು ಅಂದುಕೊಂಡು ಜನ ಸುಮ್ಮನಿದ್ದರು.

ನಿಂತ ಜ್ಯೋತಿಯ ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ನಡುವೆ ಇದ್ದ ಗಂಡಸರು ಒಬ್ಬರ ಹಿಂದೆ ಒಬ್ಬರು ಹೊರಟುಹೋಗಿದ್ದರು. ಸೊಸೆ ಬಳೆಯ ಮನೆಯಲ್ಲಿ ಹುಟ್ಟಿದವಳು, ಕುಣಿಯುವ ಜ್ಯೋತಿ ನೋಡಿಕೊಂಡು ಬೆಳೆದವಳು. ನಿಂತ ಜ್ಯೋತಿಯ ಮುಂದೆ ಕೂತರೆ ಅವಳಿಗೆ ಮೊದಮೊದಲು ಯಾರೋ ತನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಆಮೇಲೆ ಅಭ್ಯಾಸವಾಯಿತು. ಯಾವುದು ತಾನೇ ಅಭ್ಯಾಸವಾಗುವುದಿಲ್ಲ?

ಆದರೆ ಅವಳಿಗೊಂದು ಹುಚ್ಚಿತ್ತು. ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದಳೋ ಇಲ್ಲವೋ, ಇವಳು ಹಿತ್ತಲಲ್ಲಿ ಒಲೆ ಹೂಡುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ನೀರು, ನೀರಿನೊಳಗೆ ಸಣ್ಣ ಪಾತ್ರೆ, ಅದರೊಳಗೆ ಜೇನುಮೇಣ. ಮೇಣ ಕರಗಿ ತುಪ್ಪದ ಬಣ್ಣಕ್ಕೆ ಬಂದಾಗ ಒಂದು ಚಿಟಿಕೆ ಅರಿಶಿನ ಹಾಕುವಳು, ಇಲ್ಲವೇ ನಿಂಬೆಯ ಹಾಗೆ ಘಮಘಮಿಸುವ ಮಜ್ಜಿಗೆಹುಲ್ಲು ಹಿಂಡುವಳು. ಅಚ್ಚು ಅಂದರೆ ಅವಳಿಗೆ ಕಂಡದ್ದೆಲ್ಲ ಅಚ್ಚೇ: ಕಿತ್ತಳೆ ಸಿಪ್ಪೆ, ತೆಂಗಿನ ಚಿಪ್ಪು, ಬಿದಿರಿನ ಗಿಣ್ಣು, ಒಡೆದ ಕುಡಿಕೆ. ನಡುವೆ ನೂಲು ಹಿಡಿದು ಮೇಣ ಸುರಿದು, ಅದು ಅಂಚಿನಿಂದ ಒಳಕ್ಕೆ ಮಸುಕಾಗುತ್ತಾ ಗಟ್ಟಿಯಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂರುವಳು. ಆ ಊರಲ್ಲಿ ಬತ್ತಿ ಮಾಡುವುದು ಎಲ್ಲರಿಗೂ ಕೆಲಸವಾಗಿತ್ತು. ಖುಷಿಗೆ ಅಂತ ಮಾಡುತ್ತಿದ್ದವಳು ಅವಳೊಬ್ಬಳೇ.

ಹೆಪ್ಪಿಗೆ ಏನು ಮಾಡುತ್ತಿದ್ದಳು ಅಂತೀರಾ? ಹೆಪ್ಪಿನ ಗಡಿಗೆಗೆ ಬೀಗವಿತ್ತು, ಬೀಗದಕೈ ಅತ್ತೆಯ ಸೊಂಟದಲ್ಲಿತ್ತು. ಆದರೆ ಬತ್ತಿ ಇಡುವ ಹರಿವಾಣದ ಮೇಲೆ ದಿನವೂ ನಾಲ್ಕು ಹನಿ ಬಿದ್ದು ಅಂಟಿರುತ್ತಿತ್ತು. ಅದನ್ನೇ ಉಗುರಿನಿಂದ ಕೆರೆದುಕೊಳ್ಳುವಳು.

"ಹರಿವಾಣ ತೊಳೆದ ಹಾಗಿದೆಯಲ್ಲೇ" ಅನ್ನುವಳು ಅತ್ತೆ.

"ಇಲಿ ನೆಕ್ಕಿರಬೇಕು ಅತ್ತೆ."

"ಆ ಇಲಿಗೆ ಹೇಳು, ಬತ್ತಿ ಮಾಡೋದು ಆಟ ಅಲ್ಲ ಅಂತ. ಆ ಆಟದ ಸಾಮಾನೆಲ್ಲ ನನ್ನ ಮನೆ ಒಳಗೆ ಬರಕೂಡದು."

ಒಳಗೆ ಬರಕೂಡದು ಅಂದದ್ದಕ್ಕೆ ಸೊಸೆ ಮಾಡಿದ್ದನ್ನೆಲ್ಲ ಹೊರಗೆ ಹಂಚಿಬಿಡುತ್ತಿದ್ದಳು. ಗಾಣದ ಮನೆಯ ಬಾಣಂತಿಗೊಂದು, ಹಗ್ಗದ ಮನೆಯ ತಾತನಿಗೊಂದು, ತವರಿಗೊಂದು, ಬಾವಿಕಟ್ಟೆಯಲ್ಲಿ ಸಿಕ್ಕಿದವರಿಗೊಂದು. "ಹಚ್ಚಬೇಡಿ, ಸುಮ್ಮನೆ ನೋಡೋಕೆ" ಅಂತ ಹೇಳಿಯೇ ಕೊಡುತ್ತಿದ್ದಳು. ಅವರೂ "ಅಯ್ಯೋ, ಹಚ್ಚುತ್ತೀವಾ!" ಅಂತಲೇ ತೆಗೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಅಮಾವಾಸ್ಯೆ ಬಂತು. ಬೆಳಗ್ಗೆ ಸೊಸೆ ಮೇಣ ಕರಗಿಸಿದಳು. ಅತ್ತೆ ಮಡಿಯುಟ್ಟು ಬಂದು, ಬೀಗ ತೆಗೆದು, ಗಡಿಗೆಯೊಳಗೆ ಕೈ ಹಾಕಿ, ಸಿಕ್ಕಿದ ಚೂರನ್ನು ಮೇಣದೊಳಗೆ ಬಿಟ್ಟಳು. ಹೆಪ್ಪು ಬಿಡುವುದು ಮನೆಯ ಹಿರಿಯಳ ಕೈಯೇ ಆಗಬೇಕು, ಅದು ಪದ್ಧತಿ. ಅಚ್ಚಿಗೆ ಸುರಿದರು. ಹೊತ್ತು ಏರಿತು.

"ಗಟ್ಟಿಯಾಯ್ತೇನೇ?" ಅಂದಳು ಅತ್ತೆ, ಗೋಡೆಗೊರಗಿ ಕೂತು.

ಸೊಸೆ ಬೆರಳಿಟ್ಟು ನೋಡಿದಳು. ಬೆರಳು ಒಳಗೆ ಹೋಯಿತು.

"ಇನ್ನೂ ಇಲ್ಲ ಅತ್ತೆ."

ಊಟವಾಯಿತು. ಮತ್ತೆ ಬೆರಳಿಟ್ಟಳು. ಮತ್ತೆ ಬೆರಳು ಒಳಗೆ ಹೋಯಿತು. ಸೌಟು ತಂದು ಅಚ್ಚಿನ ತಳ ಕಲಕಿದಳು. ಸೌಟಿಗೆ ಏನೋ ಗಟ್ಟಿಯಾದದ್ದು ತಗುಲಿತು. ಎತ್ತಿ ನೋಡಿದರೆ, ಒಂದು ಅಡಿಕೆ ಹೋಳು.

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಅವಳನ್ನೇ ನೋಡುತ್ತಿದ್ದಳು, ಆದರೆ ಸೊಸೆ ನಿಂತಲ್ಲಿಂದ ಒಂದು ಮೊಳ ಈಚೆಗೆ ನೋಡುತ್ತಿದ್ದಳು. ಆಗ ಎಲ್ಲ ತಿಳಿಯಿತು. ಸಾರಿಗೆ ಎರಡೆರಡು ಸಲ ಬಿದ್ದ ಉಪ್ಪು ತಿಳಿಯಿತು, ಅಂಗಳಕ್ಕೆ ಇಳಿಯುವಾಗ ಕಂಬ ಹಿಡಿಯುವುದು ತಿಳಿಯಿತು. ಮುದುಕಿಗೆ ಕಣ್ಣು ಹೋಗಿತ್ತು, ಹೇಳಿಕೊಳ್ಳುವುದಕ್ಕೆ ಮನಸ್ಸು ಬಂದಿರಲಿಲ್ಲ. ನಿನ್ನೆ ಸಂಜೆ ಬತ್ತಿಯ ಮುಂದೆ ಕೂತು, ಬತ್ತಿ ಪೂರ್ತಿ ಉರಿದು ಹೋದದ್ದು ಕಾಣದೆ, ಒದ್ದೆ ಬೆರಳಿನಿಂದ ಹರಿವಾಣ ತಡವಿ, ಪಕ್ಕದ ಎಲೆಅಡಿಕೆ ತಟ್ಟೆಯಿಂದ ಉರುಳಿ ಬಂದ ಹೋಳನ್ನೇ ಹೆಪ್ಪು ಅಂದುಕೊಂಡು ಭಕ್ತಿಯಿಂದ ಎತ್ತಿಟ್ಟಿದ್ದಳು. ತಲೆತಲಾಂತರದಿಂದ ಬಂದ ಹೆಪ್ಪು ಹಾಗೆ ಉರಿದು ಹೋಗಿತ್ತು.

ಹರಿವಾಣದ ಮೇಲಾದರೂ ಒಂದು ಹನಿ ಇರಬೇಕಿತ್ತಲ್ಲ? ಇರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಸೊಸೆ ಅದನ್ನು ಕೆರೆದು, ಪುಟ್ಟದೊಂದು ಬತ್ತಿ ಮಾಡಿ, ಹಗ್ಗದ ಮನೆಯ ತಾತನಿಗೆ ಕೊಟ್ಟು ಬಂದಿದ್ದಳು. ತನ್ನ ಉಗುರು ನೋಡಿಕೊಂಡು ಅವಳಿಗೆ ನಾಚಿಕೆಯಾಯಿತು.

ಅಡಿಕೆ ಹೋಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವಳು ಅಂದಳು, "ಅತ್ತೆ, ತಪ್ಪು ನನ್ನದು. ನಿನ್ನೆ ನೀವು ಮಲಗಿದ್ದಾಗ ಬೀಗದಕೈ ತಗೊಂಡು ಹೆಪ್ಪು ಕದ್ದೆ. ನನ್ನ ಆಟಕ್ಕೆ. ಗಡಿಗೆಯಲ್ಲಿ ಹೆಪ್ಪೇ ಇರಲಿಲ್ಲ."

ಬೇರೆ ದಿನವಾಗಿದ್ದರೆ ಸೂರು ಕಿತ್ತು ಹೋಗುವ ಹಾಗೆ ಕೂಗಾಡುತ್ತಿದ್ದಳು ಅತ್ತೆ. ಇವತ್ತು ಅವಳ ದನಿ ಏರಲಿಲ್ಲ.

"ಹೌದಾ" ಅಂದಳು. ಆಮೇಲೆ, "ನನ್ನ ಕಂಬಳಿ ಮಡಚಿಡು. ಗಡಿ ಆಚೆ ಚಳಿ ಜಾಸ್ತಿ ಅಂತಾರೆ" ಅಂದಳು.

ಕಣ್ಣಿಲ್ಲದ ಮುದುಕಿಯನ್ನು ಕೈಹಿಡಿದು ಗಡಿಕಲ್ಲು ದಾಟಿಸುವುದೇ? ದಾಟಿಸಿ ಎಲ್ಲಿಗೆ? ಸೊಸೆ ಕಂಬಳಿ ಮಡಚಲಿಲ್ಲ. ಸೆರಗು ಬಿಗಿದುಕೊಂಡು ಬೀದಿಗೆ ಇಳಿದಳು. ಕೊಟ್ಟ ಬತ್ತಿಗಳಲ್ಲಿ ಒಂದನ್ನು ವಾಪಸು ಇಸಕೊಂಡು ಬಂದರೆ ಸಾಕು. ಅದರಲ್ಲಿ ತನ್ನ ಮನೆಯ ಹೆಪ್ಪಿದೆ. ದೀಪ ಹಚ್ಚುವ ಹೊತ್ತಿನೊಳಗೆ ಸಿಗಬೇಕು ಅಷ್ಟೇ. ದೀಪ ಹಚ್ಚಿದ ಮೇಲೆ ಆ ಊರಲ್ಲೇ ಏನು, ಯಾವ ಊರಲ್ಲೂ ಹೆಪ್ಪು ಕೊಡುವುದಿಲ್ಲ.

ಮೊದಲು ಹಗ್ಗದ ಮನೆ. ತಾತ ಜಗುಲಿಯಲ್ಲಿ ನಾರು ಹೊಸೆಯುತ್ತಿದ್ದ.

"ತಾತ, ಬೆಳಗ್ಗೆ ಕೊಟ್ಟ ಬತ್ತಿ ಇದೆಯಲ್ಲ, ಅದನ್ನ ಕೊಡಿ. ಇನ್ನೊಂದು ಮಾಡಿಕೊಡ್ತೀನಿ."

ತಾತನ ಕೈ ನಿಂತಿತು. "ಯಾವ ಬತ್ತಿ?"

"ಬಿದಿರಿನದು ತಾತ."

"ನಾನು ಹಚ್ಚಿಲ್ಲ."

"ಹಚ್ಚಿದ್ರಿ ಅಂತ ಯಾರು ಹೇಳಿದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ತಾತನ ಕಥೆ. ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಮೆಲ್ಲಗೆ ಹೇಳಿದ, "ನೋಡವ್ವಾ, ನಮ್ಮನೆ ಜ್ಯೋತಿ ವಾಲ್ತದೆ. ಜೀವಮಾನ ಇಡೀ ಕತ್ತು ಓರೆ ಮಾಡ್ಕೊಂಡೇ ಹಗ್ಗ ಹೊಸೆದೆ. ನಿಂದು ನೆಟ್ಟಗೆ ನಿಲ್ಲುತ್ತೆ. ಕತ್ತುನೋವಿಗೆ ಅಂತ ಒಂದು ಚೂರು ನಮ್ಮ ಹೆಪ್ಪಿಗೆ ಸೇರಿಸಿದೆ. ಇವತ್ತಿಂದೂ ಆಗಲೇ ಕರಗಿಸಿಬಿಟ್ಟೆ. ಮೊದಲಿಂದೆಲ್ಲ ಹಾಗೇನೇ. ಯಾರಿಗೂ ಹೇಳಬೇಡ, ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ?"

ಸೊಸೆ ಅಲ್ಲಿಂದ ಗಾಣದ ಮನೆಗೆ ಹೋದಳು. ಬಾಣಂತಿ ತೊಟ್ಟಿಲು ತೂಗುತ್ತಿದ್ದಳು. ಬಾಗಿಲಲ್ಲಿ ಇವಳನ್ನು ಕಂಡದ್ದೇ ಮುಖ ಬಿಳುಚಿಕೊಂಡಿತು.

"ಅಕ್ಕಾ, ಮಗು ಬೆಚ್ಚಿ ಬೀಳ್ತಿತ್ತು ಅಕ್ಕಾ. ನಮ್ಮನೆ ಬತ್ತಿ ಚಟಪಟ ಅಂದಾಗಲೆಲ್ಲ ಕಿಟಾರನೆ ಅಳೋದು. ನಿಮ್ಮ ಕಿತ್ತಳೆ ಬತ್ತಿ ಒಂದು ಚೂರು ಸೇರಿಸಿದೆ, ಆವತ್ತಿಂದ ಮಲಗ್ತಿದೆ. ನೀವು ಬೈದರೂ ಸರಿ."

"ನಾನೇನೂ ಕೇಳಲಿಲ್ಲವಲ್ಲೇ" ಅಂದಳು ಸೊಸೆ.

ಹೀಗೇ ಆಯಿತು ಬೀದಿ ಇಡೀ. ಒಂದು ಬತ್ತಿಯೂ ಉಳಿದಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಊರಿಗೆ ಊರೇ ಇವಳ ಬತ್ತಿ ಕರಗಿಸಿಕೊಂಡಿತ್ತು. ಪ್ರತಿಯೊಬ್ಬರೂ ತಪ್ಪು ಮಾಡಿದ್ದು ತಾವೊಬ್ಬರೇ ಅಂದುಕೊಂಡು ಅಕ್ಕಪಕ್ಕದವರನ್ನು ಕಂಡು ಹೆದರಿಕೊಂಡಿದ್ದರು.

ಕೊನೆಗೆ ಅವಳು ಮೇಲಿನ ಕೇರಿಗೆ, ತವರಿಗೆ ಹೋದಳು. ಅಲ್ಲಿ ಅಣ್ಣನ ಹೆಂಡತಿ ಅಂಗಳ ಗುಡಿಸುತ್ತಿದ್ದಳು.

"ಅತ್ತಿಗೆ, ನೀವೂ ಹಚ್ಚಿಬಿಟ್ರಾ?"

ಅತ್ತಿಗೆ ಪೊರಕೆ ಕೆಳಗಿಟ್ಟಳು. "ನಾನಲ್ಲ ಕಣೇ. ನಿಮ್ಮವ್ವ. ಇದ್ದಷ್ಟು ದಿನವೂ ಅಷ್ಟೇ, ನಿನ್ನ ನೋಡಬೇಕು ಅನ್ನಿಸಿದಾಗೆಲ್ಲ ನೀನು ಕಳಿಸಿದ್ದನ್ನ ಹಚ್ಚಿಕೊಂಡು ಕೂರೋರು. ಒಂದು ಚೂರು ಉಳಿಸಿ ಗಡಿಗೆಗೆ ಹಾಕೋರು. ಮಗಳಿಗೆ ಹೆಪ್ಪು ಕೊಡಬಾರದು ಅಂತ ತಾನೇ ಊರ ಮಾತು, ಮಗಳಿಂದ ತಗೋಬಾರದು ಅಂತ ಯಾರೂ ಹೇಳಿಲ್ಲವಲ್ಲ ಅನ್ನೋರು."

ಸೊಸೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮನೆಯಲ್ಲಿ ಆದದ್ದನ್ನು ಹೇಳಿದಳು. ಅತ್ತೆಯ ಕಣ್ಣಿನ ಮಾತು ಬಿಟ್ಟು ಉಳಿದದ್ದನ್ನೆಲ್ಲ.

ಅತ್ತಿಗೆ ಒಳಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದಳು. ಕಡಲೆಕಾಳಿನಷ್ಟು ಚೂರು ಚಿವುಟಿ ವೀಳ್ಯದೆಲೆಯಲ್ಲಿಟ್ಟು ಕೊಟ್ಟಳು. "ನಿನ್ನದೇ ನಿನಗೆ ಕೊಡ್ತಿದೀನಿ. ಕೇಳಿದವರಿಗೆ ಹಾಗೇ ಹೇಳು."

ಇಳಿದು ಬರುವಾಗ ಗಾಣದ ಮನೆಯವಳಿಗೆ, ತಾತನಿಗೆ ಸಂಗತಿ ಹೇಳಿದ್ದೇ ತಡ, ಮಾತು ಅವಳಿಗಿಂತ ಮುಂಚೆ ಬೀದಿ ಮುಟ್ಟಿತು. ಮುಂಬಾಗಿಲು ಯಾರೂ ತೆಗೆಯಲಿಲ್ಲ. ಹಿತ್ತಲ ಬಾಗಿಲುಗಳು ಮಾತ್ರ ಒಂದೊಂದಾಗಿ ಕಿರ್ ಅಂದವು. ಒಂದೊಂದು ಬಾಗಿಲಿಂದ ಒಂದೊಂದು ಕೈ ಬಂತು, ಒಂದೊಂದು ಕೈಯಿಂದ ಒಂದೊಂದು ಚೂರು ಎಲೆಯ ಮೇಲೆ ಬಿತ್ತು. ಕೈಗಳು ಒಳಗೆ ಹೋದವು, ಬಾಗಿಲು ಮುಚ್ಚಿಕೊಂಡವು.

ಸೊಸೆ ಮನೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಮೇಣ ಮತ್ತೆ ಕರಗಿಸಿದಳು. ಚೂರುಗಳನ್ನು ಅತ್ತೆಯ ಅಂಗೈಯಲ್ಲಿಟ್ಟಳು.

ಅತ್ತೆ ಒಂದೊಂದನ್ನೇ ಬೆರಳಿನಲ್ಲಿ ಉಜ್ಜಿ ನೋಡಿದಳು. ಒಂದಕ್ಕೆ ಎಣ್ಣೆಯ ಜಿಡ್ಡಿತ್ತು. ಒಂದಕ್ಕೆ ನಾರಿನ ಎಳೆ ಅಂಟಿತ್ತು.

"ಇದು ನಮ್ಮ ಮನೆ ಹೆಪ್ಪಲ್ಲ."

"ಅಲ್ಲ ಅತ್ತೆ. ಆದರೆ ಇದರಲ್ಲಿ ನಮ್ಮದೂ ಇದೆ."

"ಎಷ್ಟಿದೆ?"

"ಗೊತ್ತಿಲ್ಲ."

ಅತ್ತೆಯ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತ್ತು. ಆ ಕೈ ಬೆರಕೆಯ ಹೆಪ್ಪು ಮುಟ್ಟಿದ್ದೇ ಇಲ್ಲ. ಮನೆಯ ಹಿರಿಯಳು ಚೂರು ಬಿಟ್ಟರೆ ಹೆಪ್ಪು, ಬಿಡದಿದ್ದರೆ ಗಡಿಕಲ್ಲು.

"ಇಷ್ಟು ಮನೆ ತಿರುಗಿದೆಯಾ ನೀನು?" ಅಂದಳು ಅತ್ತೆ.

"ಹೂಂ."

"ಕಾಲಿಗೆ ಏನಾದರೂ ಹಾಕ್ಕೊಂಡಿದ್ಯಾ?"

"ಮರೆತುಹೋಯ್ತು."

ಮುದುಕಿ ಅಂಗೈ ಮಗುಚಿದಳು. ಚೂರುಗಳು ಮೇಣದೊಳಗೆ ಬಿದ್ದು ಕರಗಿಹೋದವು.

ದೊಡ್ಡ ಅಚ್ಚಿಗೆ ಸುರಿದರೆ ಗಟ್ಟಿಯಾಗುವಷ್ಟರಲ್ಲಿ ರಾತ್ರಿಯಾಗುತ್ತದೆ. ಅಷ್ಟು ಹೊತ್ತಿಲ್ಲ. ಆ ಊರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಆಟವಾಡಿ ಆಡಿ ಸೊಸೆಗೆ ಗೊತ್ತಿತ್ತು: ಕಿತ್ತಳೆ ಸಿಪ್ಪೆಯಲ್ಲಿ ಮೇಣ ಎಲೆಅಡಿಕೆ ಜಗಿಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅರ್ಧ ಹಣ್ಣಿನ ಸಿಪ್ಪೆ ಬಿಡಿಸಿ, ನೂಲು ಹಿಡಿದು, ಸುರಿದಳು. ಮೇಣ ಅಂಚಿನಿಂದ ಮಸುಕಾಯಿತು, ನಡುವಿಗೆ ಬಂತು. ಬೆರಳಿಟ್ಟಳು. ಬೆರಳು ಹೊರಗೇ ಉಳಿಯಿತು.

ತಲೆತಲಾಂತರದ ಮನೆಯ ಹೊಸ್ತಿಲ ಮೇಲೆ ಕಿತ್ತಳೆ ಸಿಪ್ಪೆಯ ಬತ್ತಿ ಕೂತಿತು. ಹಚ್ಚಿದ್ದೇ, ಜ್ಯೋತಿ ಕುಣಿಯತೊಡಗಿತು.

ಬಾಗಿಲು ನೋಡುವವನು ಲಾಂದ್ರ ಹಿಡಿದು ಬಂದ. ಎಲ್ಲ ಮನೆಯ ಮುಂದೆ ಬೇಗ ಬೇಗ ನಡೆದವನು ಇಲ್ಲಿ ನಿಲ್ಲಲೇಬೇಕಾಯಿತು. ಊರಿಗೆಲ್ಲ ಗೊತ್ತಿದ್ದ ಜ್ಯೋತಿ, ಕಂಡೂ ಕಾಣದ ಹಾಗೆ ಹೋಗುವುದು ಹೇಗೆ? ಹಿಂದೆ ಬೀದಿಯ ಜನ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರು.

"ಇದು ಕುಣೀತಿದೆ" ಅಂದ ಅವನು. "ಅಜ್ಜಿ, ನಿಮ್ಮ ಜ್ಯೋತಿ ನಿಲ್ಲೋ ಜ್ಯೋತಿ. ಇದು ಯಾರ ಮನೆಯದು?"

ಸೊಸೆ ಬಾಯಿ ತೆರೆದಳು. ಅತ್ತೆ ಅವಳ ಕೈ ಅದುಮಿದಳು. ಮುದುಕಿ ಕತ್ತು ಮುಂದೆ ಚಾಚಿ, ಮೂಗರಳಿಸಿ, ಗಾಳಿಯನ್ನು ಒಮ್ಮೆ ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು.

"ಅಪ್ಪಾ, ಸ್ವಲ್ಪ ಹತ್ತಿರ ಬಾ. ನಿನ್ನ ಲಾಂದ್ರದಿಂದ ಮಜ್ಜಿಗೆಹುಲ್ಲಿನ ವಾಸನೆ ಬರ್ತಿದೆಯಲ್ಲ, ಅದು ಯಾರ ಮನೆಯದು?"

ಬಾಗಿಲು ನೋಡುವವನು ತನ್ನ ಲಾಂದ್ರ ನೋಡಿಕೊಂಡ. ಅವನ ಮನೆಯ ಜ್ಯೋತಿ ಹಿಂದೆ ಮಿಣುಕುಮಿಣುಕು ಅನ್ನುತ್ತಿತ್ತು. ಈಗ ಗಾಜಿನೊಳಗೆ ಕಡ್ಡಿ ನೆಟ್ಟ ಹಾಗೆ ನಿಂತಿತ್ತು.

"ಮಂಡಿನೋವು ಅಜ್ಜಿ" ಅಂದ ಅವನು. "ಮಿಣುಕೋ ಬೆಳಕಲ್ಲಿ ಹಳ್ಳ ಕಾಣಲ್ಲ. ಎರಡು ಸಲ ಬಿದ್ದೆ."

ಹಗ್ಗದ ಮನೆಯ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಗಾಣದ ಮನೆಯಲ್ಲೂ ನಗು ಕೇಳಿಸಿತು. ನಗು ಬಾಗಿಲಿಂದ ಬಾಗಿಲಿಗೆ ಹೋಗಿ ಮೇಲಿನ ಕೇರಿ ಮುಟ್ಟಿತು. ಬಾಗಿಲು ನೋಡುವವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ, "ಬಾವಿಕಟ್ಟೆ ಎದುರಿನ ಮನೆ. ಉರೀತಾ ಇದೆ."

ಅಷ್ಟೇ ಹೇಳಿ ಮುಂದಕ್ಕೆ ಹೋದ. ಆಮೇಲಿನ ಅಮಾವಾಸ್ಯೆಗಳಲ್ಲೂ ಅವನು ಯಾವ ಹೊಸ್ತಿಲಲ್ಲೂ ಅದಕ್ಕಿಂತ ಹೆಚ್ಚು ಕೂಗಲಿಲ್ಲವಂತೆ.

ಅತ್ತೆ ಸೊಸೆ ಹೊಸ್ತಿಲ ಒಳಗೆ ಕೂತರು.

"ಆ ಅಡಿಕೆ ಎಲ್ಲಿಟ್ಟೆ?" ಅಂದಳು ಅತ್ತೆ.

ಸೊಸೆ ಬೆಚ್ಚಿದಳು. "ಯಾವ ಅಡಿಕೆ?"

"ನನ್ನ ಹತ್ತಿರ ಆಡಬೇಡ. ಬೆಳಗ್ಗೆ ತಟ್ಟೆಯಲ್ಲಿ ಒಂದು ಹೋಳು ಕಮ್ಮಿ ಇತ್ತು. ನೀನು ಸೌಟು ಹಾಕಿ ಸುಮ್ಮನಾದಾಗಲೇ ಗೊತ್ತಾಯ್ತು. ಬೀಗದಕೈ ನನ್ನ ಸೊಂಟ ಬಿಟ್ಟು ಯಾವತ್ತು ಹೋಗಿದೆ, ನೀನು ಕದಿಯೋಕೆ?"

ಸೊಸೆ ಗಂಟು ಬಿಚ್ಚಿ ಹೋಳು ಕೊಟ್ಟಳು. ಅತ್ತೆ ಅದನ್ನು ಸೆರಗಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು ಜಗಿದಳು.

"ನಂಗೆ ಕಣ್ಣು ಕಾಣಲ್ಲ ಕಣೇ" ಅಂದಳು ಆಮೇಲೆ. ಹೇಳಿದ್ದು ಇದೇ ಮೊದಲು. "ಹೆಂಗಿದೆ ಜ್ಯೋತಿ? ಹೇಳು."

ಸೊಸೆ ನೋಡಿ ನೋಡಿ ಹೇಳಿದಳು. "ಕುಣೀತಿದೆ ಅತ್ತೆ. ಈಗ ಸ್ವಲ್ಪ ಎಡಕ್ಕೆ ವಾಲಿತು, ತಾತನ ಮನೇದರ ಹಾಗೆ. ಈಗ ಒಂದು ಸಲ ಚಟ್ ಅಂತು. ಈಗ ನಿಂತಿದೆ. ಇಲ್ಲ, ಮತ್ತೆ ಹೊರಟಿತು." ಅವಳ ದನಿ ಸಣ್ಣಗಾಯಿತು. "ನಿಮ್ಮ ನಿಂತ ಜ್ಯೋತಿ ಹೋಯ್ತಲ್ಲ ಅತ್ತೆ."

ಮುದುಕಿ ಕೈ ಮುಂದೆ ಮಾಡಿ ಜ್ಯೋತಿಯ ಬಿಸಿಯನ್ನು ಅಂಗೈಯಲ್ಲಿ ಹಿಡಿದಳು. ಬಿಸಿ ಅಂಗೈಯ ಮೇಲೆ ಅತ್ತಿತ್ತ ಓಡಾಡಿತು. ಅವಳ ಮುಖದಲ್ಲಿ ನಗು ಬಂತು.

"ನಮ್ಮತ್ತೆಯ ಕಾಲದಿಂದ, ಅವಳತ್ತೆಯ ಕಾಲದಿಂದ ನಿಂತೇ ಇತ್ತು ಪಾಪ" ಅಂದಳು. "ಕಾಲು ಸೋತಿರುತ್ತೆ. ಕುಣೀಲಿ ಬಿಡು."

ಬತ್ತಿ ಸಿಪ್ಪೆಯ ತಳ ಮುಟ್ಟುವ ಮೊದಲು ಸೊಸೆ ಅತ್ತೆಯ ಬೆರಳನ್ನು ನೀರಿಗದ್ದಿ, ತನ್ನ ಕೈಯಲ್ಲಿ ಹಿಡಿದು, ಜ್ಯೋತಿಯ ಬುಡಕ್ಕೆ ಒಯ್ದಳು. "ಈಗ" ಅಂದಳು.

ಚಿವುಟಿದರು. ಕಿತ್ತಳೆಯ ವಾಸನೆ ಬಂತು.

"ನಾಳೆ ನಂಗೂ ಒಂದು ಸಿಪ್ಪೆ ಇಡು" ಅಂದಳು ಅತ್ತೆ.